ಅವ್ವನ ಮೂರು ಅಕ್ಷರ

ಎಂಬತ್ತರ ದಶಕದ ನಡುವಿನ ಮಾತು. ಆಗ ನಾನು ಮಾನ್ವಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಹೈದರಾಬಾದಿಗೆ ಹೋಗಿ ಹವ್ಯಾಸಿ ರೇಡಿಯೊ ಪರೀಕ್ಷೆ ಬರೆದು ಪಾಸಾದೆ. ಲೈಸೆನ್ಸಿನ ಅರ್ಜಿಯಲ್ಲಿ ಒಂದು ಕಾಲಂ ಇತ್ತು: ಕಾಲ್‌ಸೈನಿನ ಕೊನೆಗೆ ನಿಮಗೆ ಯಾವ ಮೂರು ಇಂಗ್ಲಿಷ್ ಅಕ್ಷರ ಬೇಕು? ರೇಡಿಯೊದಲ್ಲಿ ನಮ್ಮನ್ನು ಗುರುತಿಸುವುದು ಅದರಿಂದಲೇ.

ಅರ್ಜಿ ತುಂಬಲು ರಾಯಚೂರಿನ ಹಿರಿಯ ಹವ್ಯಾಸಿಯೊಬ್ಬರ ಮನೆಗೆ ಹೋದೆ. ಭಾನುವಾರ ಬೆಳಿಗ್ಗೆ ಸುತ್ತಲಿನ ಹವ್ಯಾಸಿ ಗೆಳೆಯರನ್ನೆಲ್ಲ ರೇಡಿಯೊದಲ್ಲೇ ಮಾತಿಗೆ ಕೂಡಿಸಿ, ಪುಸ್ತಕದಲ್ಲಿ ಹಾಜರಿ ಬರೆದುಕೊಳ್ಳುತ್ತಿದ್ದವರು ಅವರೇ.

"ನಿಮ್ಮಪ್ಪನ ಹೆಸರಿಂದು ಹಾಕ್ರಿ" ಅಂದರು.

"ನಮ್ಮವ್ವಂದು ಹಾಕ್ತೀನ್ರೀ."

"ಅಕಿ ಏನ್ ಮಾಡ್ತಾಳ?"

"ದೇವದುರ್ಗದಾಗ ರೋಡಿನ ಕೆಲಸಕ್ಕ ಖಡಿ ಒಡೀತಾಳ್ರೀ."

ಅವರು ನಕ್ಕರು. "ಕಲ್ಲು ಒಡಿಯಾಕಿ ಹೆಸರು ದೇಶದ ತುಂಬ ಕೂಗಬೇಕೇನ್ರೀ?"

"ಹೌದ್ರೀ, ಕೂಗಬೇಕು."

ಗುತ್ತಿಗೆದಾರನ ಕೂಲಿ ಪಟ್ಟಿಯಲ್ಲಿ ಅವ್ವನ ಹೆಸರು ಒಮ್ಮೆಯೂ ಬಂದಿರಲಿಲ್ಲ. ಅಪ್ಪನ ಹೆಸರಿನ ಕೆಳಗೆ 'ಹೆಂಡತಿ' ಎಂದಷ್ಟೇ ಇರುತ್ತಿತ್ತು. ನಾನು ಆ ಹಿರಿಯರ ಎದುರಿಗೇ ಅವಳ ಹೆಸರಿನ ಮೂರು ಅಕ್ಷರ ದಪ್ಪಗೆ ಬರೆದೆ.

ಲೈಸೆನ್ಸ್ ಕೊಡುವ ಮುಂಚಿನ ವಿಚಾರಣೆಗೆಂದು ಪೊಲೀಸನೊಬ್ಬ ದೇವದುರ್ಗದ ನಮ್ಮ ಓಣಿಗೆ ಹೋದ. "ನಿನ್ನ ಮಗಳಿಗಿ ವೈರ್‌ಲೆಸ್ ಯಾಕ ಬೇಕಬೇ?" ಎಂದು ಕೇಳಿದನಂತೆ.

ಅವ್ವ ಕುಳಿತಲ್ಲಿಂದ ಏಳಲೂ ಇಲ್ಲ. "ಪರೀಕ್ಷಿ ಪಾಸಾಗ್ಯಾಳ. ಮತ್ಯಾಕ ಬೇಕಂತಾರ?"

ಲೈಸೆನ್ಸ್ ಬರಲು ವರ್ಷವೇ ಹಿಡಿಯಿತು. ಕೇಳಿದ ಅಕ್ಷರಗಳೇ ಸಿಕ್ಕಿದ್ದವು. ನಾನೇ ಬೆಸುಗೆ ಹಾಕಿ ಕಟ್ಟಿದ ಸೆಟ್ಟಿನ ಮುಂದೆ ಒಂದು ಭಾನುವಾರ ಕುಳಿತೆ. ಅವ್ವ ಮಾನ್ವಿಗೆ ಬಂದು ಪಕ್ಕದಲ್ಲಿದ್ದಳು. ಹಿರಿಯರು ಹಾಜರಿ ಮುಗಿಸಿ, "ಮತ್ಯಾರರ ಅದೀರೇನ್ರೀ?" ಎಂದರು. ನನ್ನ ಕಾಲ್‌ಸೈನ್ ಹೇಳಿದೆ. ಮತ್ತೆ ಹೇಳಿದೆ.

"ದನಿ ಸರಿ ಬರವಲ್ದು. ಮುಂದಿನ ವಾರ ಬರ್ರಿ" ಅಂದರು ಹಿರಿಯರು.

ಅಷ್ಟರಲ್ಲಿ ಶಕ್ತಿನಗರದ ಎಂಜಿನಿಯರೊಬ್ಬರು, "ನನಗ ಚಲೋ ಕೇಳಾಕತ್ತದಲ್ರೀ" ಎಂದರು.

ನಾನು ಮೈಕ್ ಬಿಡಲಿಲ್ಲ. "ನೀವು ಬರಕೊಳ್ಳೋತನಕ ಹೇಳ್ತೀನ್ರೀ" ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ನಾಲ್ಕನೆಯ ಸಲ ಮುಗಿಸುವಷ್ಟರಲ್ಲಿ ಒಣ ದನಿ ಬಂತು: "ಬರಕೊಂಡೀನ್ರೀ ಮೇಡಂ."

"ಏನಂದ?" ಅವ್ವ ಕೇಳಿದಳು.

"ನಿನ್ನ ಅಕ್ಷರ ಬರಕೊಂಡಾರ."

"ಸರಿ ಬರದಾನಿಲ್ಲೋ ನೋಡಿ ಬಾ."

ಅದೇ ವಾರ ರಜೆ ಹಾಕಿ, ಬಸ್ಸು ಹತ್ತಿ ರಾಯಚೂರಿಗೆ ಹೋದೆ. ಪುಸ್ತಕ ತೋರಿಸಿ ಅಂದೆ. ಒಂದು ಅಕ್ಷರ ತಪ್ಪಿತ್ತು. ಅಲ್ಲೇ ನಿಂತು ತಿದ್ದಿಸಿದೆ.