ತಡಿಯಪ್ಪನ ಕೈ ನಡುಕ

ಹೆತ್ತವರು ಇಟ್ಟ ಹೆಸರು ಏನೋ ಇತ್ತು. ಬೀದಿಯವರಿಗೆ ಮಾತ್ರ ಅವನು ತಡಿಯಪ್ಪ. ರೈಲು ಸೇತುವೆ ರಸ್ತೆಯನ್ನು ದಾಟುವ ಕಡೆ, ಅದರ ಕಲ್ಲುಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು ಅವನ ಕ್ಷೌರದಂಗಡಿ. ಮೂರು ಕಡೆ ಹಲಗೆ, ನಾಲ್ಕನೆಯದು ಸೇತುವೆಯದೇ ಗೋಡೆ. ಕನ್ನಡಿ ತೂಗುತ್ತಿದ್ದುದು ಆ ಕಲ್ಲಿಗೆ ಹೊಡೆದ ಮೊಳೆಗೆ. ರೈಲು ಓಡಾಡುತ್ತಿದ್ದ ಕಾಲದಲ್ಲಿ ಗಾಡಿ ಬಂತೆಂದರೆ ಅಂಗಡಿಗೆ ಅಂಗಡಿಯೇ ಗಡಗಡ. ಅವನು ಕೆನ್ನೆಯ ಮೇಲಿನ ಕತ್ತಿಯನ್ನು ಎತ್ತಿ ‘ತಡಿ’ ಎನ್ನುತ್ತಿದ್ದ. ಕುರ್ಚಿಯಲ್ಲಿದ್ದವನು ಅರ್ಧ ಗಡ್ಡದಲ್ಲಿ ಉಸಿರು ಬಿಗಿಹಿಡಿದು ಕೂರುತ್ತಿದ್ದ. ಕೊನೆಯ ಡಬ್ಬಿ ದಾಟಿದ ಮೇಲೆಯೇ ಕತ್ತಿ ಕೆಳಗಿಳಿಯುತ್ತಿತ್ತು.

ರೈಲು ನಿಂತುಹೋಗಿ ಎಷ್ಟೋ ವರ್ಷಗಳಾದವು. ಹಳಿಯ ನಡುವೆ ಗಿಡ ಬೆಳೆಯಿತು, ಪಾರಿವಾಳಗಳು ಸಂಸಾರ ಹೂಡಿದವು. ಹೆಸರೇನೋ ಉಳಿಯಿತು, ‘ತಡಿ’ ಎನ್ನುವುದು ಅವನಿಗೇ ಮರೆತುಹೋಯಿತು.

ಹೀಗಿರುವಾಗ ಒಂದು ದಿನ, ಎಂದಿನಂತೆ ಸೊಂಟವನ್ನು ಗೋಡೆಗೆ ಆನಿಸಿಕೊಂಡು ಗಿರಾಕಿಯ ಗಂಟಲ ಮೇಲೆ ಕತ್ತಿ ಇಟ್ಟಾಗ, ಕೈ ಸಣ್ಣಗೆ ನಡುಗಿತು. ಗಡ್ಡ ಕೆರೆಯುವವನ ಕೈ ಹೋದರೆ ಮತ್ತೇನು ಉಳಿಯಿತು, ಬಾಚಣಿಗೆಯೇ? ಮಾರನೆಯ ದಿನವೂ ಅದೇ ಕಥೆ. ಕತ್ತಿ ಮೊಂಡಾಗಿದೆ ಎಂದು ಒಬ್ಬನನ್ನು, ಬಿಸಿನೀರಿಲ್ಲ ಎಂದು ಇನ್ನೊಬ್ಬನನ್ನು ಸಾಗಹಾಕಿದ. ಮನೆಯಲ್ಲಿ ಲೋಟದ ಕಂಠದವರೆಗೆ ನೀರು ತುಂಬಿಕೊಂಡು ಅಡುಗೆಮನೆಯಿಂದ ಬಾಗಿಲಿನವರೆಗೆ ನಡೆದು ನೋಡಿದ. ಒಂದು ತೊಟ್ಟೂ ತುಳುಕಲಿಲ್ಲ.

“ಏನ್ರೀ, ನೀರಿಗೆ ಮನೆ ತೋರಿಸ್ತಿದೀರಾ?” ಎಂದಳು ಹೆಂಡತಿ.

ಅವನಿಗೆ ನಗು ಬರಲಿಲ್ಲ. ಲೋಟ ಹಿಡಿದರೆ ಗಟ್ಟಿಯಾಗಿರುವ ಕೈ, ಕುತ್ತಿಗೆ ಕಂಡರೆ ಹೆದರುತ್ತಿದೆ. ಯಾರ ಗಂಟಲಿಗಾದರೂ ಕುತ್ತು ತರುವ ಮೊದಲು ಅಂಗಡಿಗೆ ಬೀಗ ಹಾಕುವುದೇ ಸರಿ ಎಂದುಕೊಂಡ.

ಮರುದಿನ ಬೆಳಿಗ್ಗೆ ಬಟ್ಟಲು, ಬುರುಸುಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಹೆಂಡತಿಯ ಅಣ್ಣ ಬಂದು ಕುರ್ಚಿಯಲ್ಲಿ ಧೊಪ್ಪನೆ ಕುಳಿತ. ಎಷ್ಟು ಹೇಳಿದರೂ ಏಳಲಿಲ್ಲ. ಕೊನೆಗೆ ತಡಿಯಪ್ಪ ಯಾರಿಗೂ ಹೇಳದ ಮಾತನ್ನು ಹೇಳಿಬಿಟ್ಟ.

“ಬೇಡ ಭಾವ. ಕೈ ನಡುಗ್ತಿದೆ.”

“ನಡುಗ್ಲಿ ಬಿಡು. ನಾನೇನಾದ್ರೂ ಹೋದ್ರೆ ನಿನ್ನ ಹೆಂಡ್ತಿಗೆ ನೀನೇ ಉತ್ರ ಹೇಳ್ಕೋ.”

ಬೇರೆ ದಾರಿ ಇಲ್ಲದೆ ನೊರೆ ಹಚ್ಚಿ, ಒಂದು ಕೆನ್ನೆ ಹೇಗೋ ಮುಗಿಸಿದ. ಇನ್ನೊಂದಕ್ಕೆ ಕತ್ತಿ ಇಡುವಷ್ಟರಲ್ಲಿ ಮತ್ತೆ ನಡುಕ. ಕಣ್ಣು ಮುಚ್ಚಿ ನಿಂತುಬಿಟ್ಟ. ಭಾವ ಮಾತ್ರ ಕಣ್ಣು ಬಿಟ್ಟುಕೊಂಡೇ ಇದ್ದ.

“ಅಲ್ವೋ, ಕನ್ನಡಿಯಲ್ಲಿ ನನ್ನ ಮೂತೀನೂ ನಡುಗ್ತಿದೆ. ನಿನಗೆ ವಯಸ್ಸಾಯ್ತು ಸರಿ, ಕನ್ನಡಿಗೂ ಆಯ್ತಾ?”

ತಡಿಯಪ್ಪ ಕಣ್ಣು ತೆರೆದ. ಮೊಳೆಗೆ ತೂಗಿದ್ದ ಕನ್ನಡಿ ಗದಗದ ಅಲುಗುತ್ತಿತ್ತು. ಬಟ್ಟಲಿನ ನೀರಿನಲ್ಲಿ ಅಲೆ. ಅಂಗೈಯನ್ನು ಕಲ್ಲಿಗೆ ಒತ್ತಿದ. ಕಲ್ಲೂ ನಡುಗುತ್ತಿತ್ತು.

ಇಬ್ಬರೂ, ಒಬ್ಬ ಅರ್ಧ ನೊರೆಯಲ್ಲೇ, ಪಕ್ಕದ ಮೆಟ್ಟಿಲು ಹತ್ತಿ ಓಡಿದರು. ಸೇತುವೆಯ ಆಚೆ ತುದಿಯಲ್ಲಿ ಹಳಿ ಕಿತ್ತು, ಜಲ್ಲಿ ಹರಡಿ ಯಂತ್ರದಿಂದ ಕುಟ್ಟುತ್ತಿದ್ದರು. ಕೆಳಗೆ ರಸ್ತೆಯ ವಾಹನಗಳ ಗದ್ದಲದಲ್ಲಿ ಆ ಸದ್ದು ಕೇಳಿಸುತ್ತಲೇ ಇರಲಿಲ್ಲ. ಜನ ಓಡಾಡಲು ದಾರಿ ಮಾಡುತ್ತಿದ್ದಾರಂತೆ. ಮುದುಕ ಏದುಸಿರು ಬಿಡುವುದನ್ನು ಕಂಡು ಕೆಲಸದವನು ಯಂತ್ರ ನಿಲ್ಲಿಸಿದ.

“ಯಾಕ್ ಯಜಮಾನ್ರೆ, ತೊಂದ್ರೆ ಆಯ್ತಾ?”

“ಇಲ್ಲಪ್ಪ, ಇಲ್ಲ. ನೀನು ಕುಟ್ಟು. ಚೆನ್ನಾಗಿ ಕುಟ್ಟು” ಎಂದ ತಡಿಯಪ್ಪ. ಕಣ್ಣಲ್ಲಿ ನೀರು ತುಂಬಿತ್ತು.

ಕೆಳಗಿಳಿದು ಚೀಲದಲ್ಲಿದ್ದುದನ್ನೆಲ್ಲ ಮತ್ತೆ ಹಲಗೆಯ ಮೇಲೆ ಜೋಡಿಸಿದ. ಒಣಗಿದ ನೊರೆಯ ಮೇಲೆ ಹೊಸ ನೊರೆ ಹಚ್ಚಿ ಕತ್ತಿ ಇಟ್ಟ. ಗೋಡೆ ಗುಂಯ್‌ಗುಟ್ಟಿತು. ಕತ್ತಿ ತಾನಾಗಿ ಮೇಲೆದ್ದಿತು.

“ತಡಿ” ಎಂದ.

ಭಾವ ಉಸಿರು ಬಿಗಿಹಿಡಿದು ಕುಳಿತ. ಕುಳಿತೇ ಕುಳಿತ. ಕೊನೆಗೆ ತುಟಿಯ ಮೂಲೆಯಿಂದ ಕೇಳಿದ: “ಏನೋ ಇದು, ಇಷ್ಟುದ್ದದ ಗಾಡಿ?”