ಟಗರಿನ ಕೊರಳಲ್ಲಿ ಜಪಾನಿ ವಿಮಾನ

ನಮ್ಮ ಟಗರಿನ ಕೊರಳಲ್ಲಿ ಜಪಾನಿ ಯುದ್ಧವಿಮಾನದ ತುಂಡೊಂದು ತೂಗುತ್ತಿತ್ತು. ಬರ್ಮಾದಲ್ಲಿ ಸೈನ್ಯದ ಹೇಸರಗತ್ತೆ ನೋಡಿಕೊಳ್ಳುತ್ತಿದ್ದ ಕಾಕಾ, ಕಾಡಿನಲ್ಲಿ ಬಿದ್ದಿದ್ದ ವಿಮಾನದಿಂದ ಎರಡು ಅಂಗೈ ಅಗಲದ ತಗಡು ಕಿತ್ತು ತಂದಿದ್ದರು. ಕುರಿ ಕಾಯುವವರ ಮನೆಗೆ ತಗಡು ಬಂದರೆ ಇನ್ನೇನಾದೀತು? ಮಿರಜಿಗೆ ಒಯ್ದು ಗಂಟೆ ಮಾಡಿಸಿದರು. ಹಗುರ ಲೋಹ, ಎಷ್ಟು ಅಲ್ಲಾಡಿಸಿದರೂ ಟಪ್ ಟಪ್ ಎಂದಿತೇ ಹೊರತು ನಾದ ಹೊರಡಲಿಲ್ಲ. ನಮ್ಮೂರು ಲಿಂಗನೂರಿಗೆಲ್ಲ ನಗೆಪಾಟಲಾದರೂ ಕಾಕಾ ಅದನ್ನು ಬಿಚ್ಚಲಿಲ್ಲ.

ನನಗೆ ಮಾತ್ರ ಅದನ್ನು ಮುಟ್ಟಿದಾಗಲೆಲ್ಲ ಮೈ ಜುಮ್ಮೆನ್ನುತ್ತಿತ್ತು. ಮೋಡದ ಮೇಲೆ ಹಾರಿಬಂದ ತಗಡು ಅದು! ನಮ್ಮ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮರುವರ್ಷ, ವಾಯುಸೇನೆಗೇ ಸೇರುತ್ತೇನೆಂದು ಹಟ ಹಿಡಿದೆ. ಅಪ್ಪ ತೀರಿಹೋಗಿದ್ದ, ಅರ್ಜಿಗೆ ಕಾಕಾರ ಸಹಿ ಬೇಕಿತ್ತು. ಅವರು ಕಾಗದವನ್ನು ಮುಟ್ಟಲೇ ಇಲ್ಲ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು, ಊಟ ಬಿಟ್ಟೆ.

ಒಂದು ಬೆಳಿಗ್ಗೆ ಕಾಕಾ ಗಂಟೆ ಬಿಚ್ಚಿ ನನ್ನ ಅಂಗೈ ಮೇಲಿಟ್ಟರು, ಕುರಿಮರಿಯ ತೂಕ ನೋಡಲು ಕೊಡುವ ಹಾಗೆ.

"ಎಷ್ಟ ಹಗೂರ ಐತಿ ನೋಡು. ಸುರುವಿಗೆ ಇದರ ಮುಂದ ಯಾರ ವಿಮಾನಾನೂ ನಿಲ್ತಿದ್ದಿಲ್ಲ. ಗಿರಕಿ ಹೊಡದು ಬೆನ್ನ ಹಿಂದ ಬಂದಬಿಡ್ತಿತ್ತು. ನಾವು ತಗ್ಗಿನ್ಯಾಗ ಬಿದ್ಕೊಂಡು, ಹೆದರಿಕಿ ಮರತು, ಬಾಯಿ ತಕ್ಕೊಂಡು ನೋಡ್ತಿದ್ವಿ."

"ಮತ್ತ ಸಹಿ ಯಾಕ ಮಾಡವಲ್ರಿ, ಕಾಕಾ?"

"ಬಿದ್ದದ್ದರ ಒಳಗ ಇಣಿಕಿ ನೋಡೇನಿ. ಹುಡುಗಾ ಕುಂತಲ್ಲೇ ಸತ್ತಿದ್ದ. ನಿನ್ನ ವಾರಗಿಯವ. ಅವನ ಬೆನ್ನಿಗಿ ಗುಂಡ ತಡಿಯಾಕ ಒಂದ ತಗಡ ಸೈತ ಇದ್ದಿದ್ದಿಲ್ಲೋ ತಮ್ಮಾ. ಹಗೂರ ಆಗ್ಲಿ ಅಂತ ಬಿಟ್ಟಿದ್ರು." ಗಂಟೆ ತಿರುಗಿ ತೆಗೆದುಕೊಂಡು ಕೇಳಿದರು, "ಇಷ್ಟ ಕೇಳಿದ ಮ್ಯಾಲೂ ಹೋಗ್ತಿಯೇನ?"

"ಹೋಗ್ತೇನ್ರಿ."

ಸಹಿ ಮಾಡಿದರು.

ಮಿರಜ ಸ್ಟೇಷನ್ನಿನಲ್ಲಿ, ಸುಡು ಬಿಸಿಲಿನಲ್ಲಿ, ಕಾಕಾ ತಮ್ಮ ಹೆಗಲ ಮೇಲಿನ ಕರಿ ಕಂಬಳಿ ತೆಗೆದು ನನ್ನ ಬೆನ್ನಿಗೆ ಹೊದಿಸಿದರು. "ಇರ್ಲಿ. ಒಜ್ಜಿ ಆತು, ಭಾರ ಆತು ಅಂತ ತಗೀಬ್ಯಾಡ." ಸೇನೆಗೆ ಹೊರಟಿದ್ದ ಉಳಿದ ಹುಡುಗರೆದುರು ನಾಚಿಕೆಯಿಂದ ಸತ್ತೇಹೋದೆ. ಗಾಡಿ ಹೊರಟದ್ದೇ ತಡ, ಅದನ್ನು ಸುತ್ತಿ ಬೆಂಚಿನಡಿಯ ಟ್ರಂಕಿಗೆ ತುರುಕಿದೆ.

ವರ್ಷಗಳ ನಂತರ, ವಾಯುಸೇನೆಯಲ್ಲಿ ವಿಮಾನ ರಿಪೇರಿಯ ಕೆಲಸದಲ್ಲಿದ್ದಾಗ, ಆ ಜಪಾನಿ ವಿಮಾನದ ಚರಿತ್ರೆ ಓದಿದೆ. ಹೆಸರು ಹಯಾಬುಸಾ, ಅಂದರೆ ಬೇಟೆಯಾಡುವ ಡೇಗೆ ಹಕ್ಕಿ. ಎಂಜಿನ್ನಿನ ಶಕ್ತಿ ಕಡಿಮೆ, ಆದ್ದರಿಂದ ತೂಕವನ್ನು ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ಇಳಿಸಿದ್ದರು. ಪೆಟ್ರೋಲ್ ಟಾಂಕಿಗೆ ರಬ್ಬರಿನ ರಕ್ಷೆಯೂ ಇರಲಿಲ್ಲ. ಗುಂಡು ತಗುಲಿದರೆ ಬೆಂಕಿ. ಆದರೂ ಎಂಥ ಕೆಲಸಗಾರಿಕೆ! ನಕ್ಷೆ ನೋಡುತ್ತ ಉಸಿರಾಡುವುದನ್ನೇ ಮರೆತಿದ್ದೆ. ಎದುರಾಳಿಗಳು ಅದರ ಮರ್ಮ ಕಲಿತರು, ಮೇಲಿನಿಂದ ಎರಗಿ ಹೊಡೆದು ಓಡಿಹೋಗತೊಡಗಿದರು. ಯುದ್ಧದ ಕೊನೆಗೆ ಅದೇ ಡೇಗೆಗೆ ಬಾಂಬು ಕಟ್ಟಿ, ತಿರುಗಿ ಬರಲಾರದ ಹಾದಿಗೆ ಹುಡುಗರನ್ನು ಕಳಿಸಿದರು. ನಡುವೆ ಒಂದೇ ಒಂದು ಸಾಲು: ನಂತರದ ಮಾದರಿಗಳಲ್ಲಿ ಚಾಲಕನ ಬೆನ್ನ ಹಿಂದೆ ಉಕ್ಕಿನ ಹಲಗೆ ಕೂಡಿಸಲಾಯಿತು.

ಪುಸ್ತಕ ಮುಚ್ಚಿದೆ. ಟ್ರಂಕಿನ ತಳದಿಂದ ಕಂಬಳಿ ಎಳೆದು, ಆ ಬೇಸಿಗೆಯಲ್ಲೇ ಬೆನ್ನಿಗೆ ಹೊದ್ದು ಕುಳಿತೆ. ಕಾಕಾ ಆಗಲೇ ತೀರಿಹೋಗಿದ್ದರು. ಕಂಬಳಿಯ ಭಾರ ಬೆನ್ನಿಗೆ ತಾಗಿದಾಗ ಅತ್ತುಬಿಟ್ಟೆ.