ದಾಖಲಾತಿ ಪುಸ್ತಕದ ಕೆಂಪು ಗೆರೆ

ಫೆಬ್ರವರಿಯ ಎರಡನೇ ಸೋಮವಾರ, ಬೆಳಿಗ್ಗೆ ಏಳು ಗಂಟೆ. ಪಡಸಾಲೆಯಲ್ಲಿ ನಾನು, ಸೊಸೆ, ಮೊಮ್ಮಗಳು ಮೂವರೇ. ಮಗ ಗಂಗಾವತಿಯ ಅಕ್ಕಿ ಗಿರಣಿಯ ಕೆಲಸಕ್ಕೆ ಆರಕ್ಕೇ ಹೊರಟಿದ್ದ. ಮೊಮ್ಮಗಳು ಪಿಯುಸಿ ಎರಡನೇ ವರ್ಷ, ವಿಜ್ಞಾನ. ಸಿಇಟಿ ಅರ್ಜಿ ತುಂಬಲು ಇನ್ನು ಎರಡು ದಿನ ಉಳಿದಿತ್ತು. ಅವಳಿಗೆ ದನದ ಡಾಕ್ಟರ್ ಆಗಬೇಕು. ಅವಳ ಅಂಕಗಳಿಗೆ ಸಾಮಾನ್ಯ ಪಟ್ಟಿಯಲ್ಲಿ ಸೀಟು ಸಿಗುವುದಿಲ್ಲ, ಗ್ರಾಮೀಣ ಮೀಸಲಾತಿ ಇದ್ದರೆ ಸಿಗಬಹುದು ಎಂದು ಕಾಲೇಜಿನವರು ಹೇಳಿದ್ದರು.

ಆ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿಯವರೆಗೆ ಹತ್ತೂ ವರ್ಷ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಕನ್ನಡ ಮಾಧ್ಯಮದ ಮೀಸಲಾತಿಗೂ ಹತ್ತು ವರ್ಷವೇ. ಅವಳು ಓದಿದ್ದು ಒಂಬತ್ತು. ಐದನೇ ತರಗತಿಯನ್ನು ಗಂಗಾವತಿಯ ಖಾಸಗಿ ಇಂಗ್ಲಿಷ್ ಶಾಲೆಯಲ್ಲಿ ಓದಿದ್ದಳು. ಕಳಿಸಿದ್ದು ನಾನು.

ಆಗ ನಾನು ಊರಿನ, ಒಂದರಿಂದ ಹತ್ತರವರೆಗಿನ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ. ನನ್ನ ಶಾಲೆಯಿಂದ ಒಳ್ಳೆಯ ಅಂಕ ತೆಗೆದುಕೊಂಡು ಹೋದ ಮಕ್ಕಳು ಪಿಯುಸಿ ವಿಜ್ಞಾನಕ್ಕೆ ಸೇರಿ, ಇಂಗ್ಲಿಷಿಗೆ ಅಂಜಿ, ಆರು ತಿಂಗಳಿಗೆ ಕಲಾ ವಿಭಾಗಕ್ಕೆ ಬದಲಾಗುವುದನ್ನು ವರ್ಷ ವರ್ಷ ನೋಡುತ್ತಿದ್ದೆ. ಬೇರೆಯವರ ಮಕ್ಕಳಿಗೆ ಸಾಕು ಎನಿಸಿದ್ದ ಶಾಲೆ ನನ್ನ ಮೊಮ್ಮಗಳಿಗೆ ಸಾಲದು ಎನಿಸಿತು. ಮೀಸಲಾತಿಯ ನಿಯಮ ನನಗೆ ಚೆನ್ನಾಗಿ ಗೊತ್ತಿತ್ತು. ಇಂಗ್ಲಿಷ್ ಕಲಿತವಳಿಗೆ ಅದು ಬೇಕಾಗಲಿಕ್ಕಿಲ್ಲ ಎಂದುಕೊಂಡಿದ್ದೆ.

ನಮ್ಮ ಕಡೆ ಮಗುವನ್ನು ಪೇಟೆಯ ಶಾಲೆಗೆ ಕಳಿಸಿದರೂ ಹಳ್ಳಿ ಶಾಲೆಯಿಂದ ಹೆಸರು ತೆಗೆಸುವುದಿಲ್ಲ. ಕೂಸು ಅಲ್ಲಿ, ಹೆಸರು ಇಲ್ಲಿ. ಪಾಲಕರಿಗೆ ಮುಂದೆ ಸರ್ಟಿಫಿಕೇಟ್ ಸಿಗುತ್ತದೆ, ಮಕ್ಕಳ ಸಂಖ್ಯೆ ಇಳಿಯದೆ ಮಾಸ್ತರರ ಹುದ್ದೆ ಉಳಿಯುತ್ತದೆ. ನನ್ನ ಶಾಲೆಯಲ್ಲಿ ಇದಕ್ಕೆ ಅವಕಾಶವಿರಲಿಲ್ಲ. ಎದುರು ಮನೆಯ ಟ್ರ್ಯಾಕ್ಟರ್ ಮಾಲೀಕ ಮಗಳ ಹೆಸರೊಂದು ಇರಲಿ ಎಂದು ಕೈಮುಗಿದಾಗ, ಅವನ ಕಣ್ಣೆದುರೇ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದೆ. ಅದೇ ಪುಟದ ಕೆಳಗೆ ಮೊಮ್ಮಗಳ ಹೆಸರಿಗೂ ಅದೇ ಶಾಯಿ. ಆ ದಿನ ನನಗೆ ಹೆಮ್ಮೆಯೇ ಆಗಿತ್ತು.

ವರ್ಷ ಮುಗಿಯುವುದರೊಳಗೆ ಮೊಮ್ಮಗಳು ಮಾತು ಬಿಟ್ಟಳು. ಶಾಲೆಯ ಬಸ್ಸು ಕಂಡರೆ ವಾಂತಿ. ಜೂನಿನಲ್ಲಿ ವಾಪಸು ತಂದು ಹೊಸ ನಂಬರಿನಲ್ಲಿ ದಾಖಲು ಮಾಡಿಕೊಂಡೆ.

“ಅತ್ತಿ, ಸಾಲಿ ಮಾಸ್ತರು ಹತ್ತು ವರ್ಷ ಅಂತ ಬರದ ಕೊಡ್ತೀನಿ ಅಂದಾರ,” ಎಂದಳು ಸೊಸೆ, ಚಹಾ ಇಡುತ್ತ. “ಆ ಇಂಗ್ಲಿಷ್ ಸಾಲಿ ಮುಚ್ಚಿ ನಾಕ್ ವರ್ಷ ಆತು. ಯಾರ್ ಕೇಳಾಕ ಬರ್ತಾರ? ನೀವು ಸುಮ್ನಿದ್ರ ಸಾಕು.”

“ಮೊದ್ಲು ಪುಸ್ತಕ ನೋಡೂಣು.”

“ನೀವು ಪುಸ್ತಕ ನೋಡಾಕ ಹೊಂಟ್ರ ಆತು ಬಿಡ್ರಿ. ನನ್ನ ಮಗಳ ಕತಿ ಮುಗೀತು.”

ಒಂಬತ್ತೂವರೆಗೆ ಮೊಮ್ಮಗಳನ್ನು ಕರೆದುಕೊಂಡು ಹೊರಟೆ. ಎದುರು ಮನೆಯವನು ಕಟ್ಟೆಯ ಮೇಲೆ ಕುಳಿತಿದ್ದ. ಒಂದು ತರಗತಿ ಮುಂದಿದ್ದ ಅವನ ಮಗಳಿಗೆ ಹೋದ ವರ್ಷ ಮೀಸಲಾತಿಯಿಲ್ಲದೆ ಸೀಟು ಸಿಕ್ಕಿರಲಿಲ್ಲ.

“ಏನ್ರೀ ಅಕ್ಕೋರ, ಸರ್ಟಿಫಿಕೇಟಿಗೆ ಹೊಂಟ್ರೇನು?”

“ಹೌದಪ್ಪಾ.”

“ಹೋಗ್ರಿ, ಹೋಗ್ರಿ. ನನ್ನ ಮಗಳಂತೂ ಮನ್ಯಾಗ ಕುಂತು ಮಂದಿ ಬ್ಲೌಸ್ ಹೊಲಿಯಾಕತ್ಯಾಳ. ನಿಮ್ಮ ಮೊಮ್ಮಗಳರ ಡಾಕ್ಟರ್ ಆಗ್ಲಿ. ನಮ್ಮ ಎಮ್ಮಿಗೆ ಬಂದ್ರ ಫೀ ಬಿಡು ಅಂತ ಹೇಳ್ರಿ.”

ಮೊಮ್ಮಗಳು ನಕ್ಕಳು. ಅವನು ನಗಲಿಲ್ಲ.

ಈಗಿನ ಹೆಡ್‌ಮಾಸ್ತರರು ನನ್ನ ಕೈಕೆಳಗೆ ಸಹಶಿಕ್ಷಕರಾಗಿದ್ದವರು. ನನ್ನನ್ನು ಕಂಡು ಇಂದಿಗೂ ಕುರ್ಚಿ ಬಿಟ್ಟು ಏಳುತ್ತಾರೆ. ಸರ್ಟಿಫಿಕೇಟ್ ಬರೆದಾಗಿತ್ತು, ಸಿಕ್ಕಾ ಒತ್ತುವುದಷ್ಟೇ ಬಾಕಿ. ನಾನು ದಾಖಲಾತಿ ಪುಸ್ತಕ ತೆಗೆಸಿದೆ. ಎರಡು ಹೆಸರು, ಎರಡು ಕೆಂಪು ಗೆರೆ, ಪಕ್ಕದಲ್ಲಿ ನನ್ನ ಸಹಿ.

“ಈ ಹಾಳಿಗೆ ಗೆದ್ದಲ ಹತ್ತೇತಿ ಅಂತ ಬರದ್ರ ಆತ್ರೀ ಅಕ್ಕೋರ,” ಎಂದರು ಅವರು.

“ಹತ್ತಿಲ್ಲಲ್ಲ.”

“ಹತ್ತಸಬಹುದ್ರಿ.”

ಮೊಮ್ಮಗಳು ನನ್ನ ಮೊಣಕೈ ಹಿಡಿದಳು. “ಅಜ್ಜಿ, ಆ ಸಾಲಿಗೆ ಹೋಗ್ತೀನಿ ಅಂತ ನಾ ಹೇಳಿದ್ನೇನು? ನೀ ಕಳಿಸಿದಿ. ಹೆಸರು ಹೊಡದಾಕಿನೂ ನೀನ. ಈಗ ಒಂದ್ ಸಲ ಹೂಂ ಅನ್ನು.”

ಹೂಂ ಎನ್ನಲು ಒಂದು ಉಸಿರು ಸಾಕಿತ್ತು. ಮೇಲಿನ ಗೆರೆಯನ್ನು ಹಾಗೇ ಬಿಟ್ಟು ಕೆಳಗಿನದನ್ನು ಮಾತ್ರ ಇಲ್ಲವಾಗಿಸುವುದು ನನ್ನಿಂದಾಗಲಿಲ್ಲ. ಅದು ಪ್ರಾಮಾಣಿಕತೆಯೋ, ಕಟ್ಟೆಯ ಮೇಲೆ ಕುಳಿತವನ ಬಗೆಗಿನ ಅಂಜಿಕೆಯೋ, ಬೇರ್ಪಡಿಸಿ ನೋಡಲು ನಾನು ಹೋಗಿಲ್ಲ.

“ಆ ಸರ್ಟಿಫಿಕೇಟ್ ಹರದು, ಒಂಬತ್ತು ವರ್ಷ ಅಂತ ಬರೀರಿ.”

“ಒಂಬತ್ತರದ್ದು ತಗೊಂಡು ಏನ್ ಮಾಡ್ತೀರಿ? ಅದಕ್ಕ ಏನೂ ಸಿಗೂದಿಲ್ರಿ.”

“ಓದಿದ್ದು ಅಷ್ಟ. ಬರೀರಿ.”

ಅವರು ಮೊಮ್ಮಗಳ ಮುಖ ನೋಡಿದರು. ಆಮೇಲೆ ಹರಿದರು. ಅವಳು ಆಗಲೇ ನನ್ನ ಮೊಣಕೈ ಬಿಟ್ಟಿದ್ದಳು.

ಮಧ್ಯಾಹ್ನ ಮೂರಕ್ಕೆ ಗಂಗಾವತಿಯ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ತುಂಬಿದೆವು. ಹೆಸರು, ಹುಟ್ಟಿದ ದಿನ, ತಂದೆಯ ಹೆಸರು ಎಲ್ಲವನ್ನೂ ಅವಳೇ ಬೇಗ ಬೇಗ ಹೊಡೆದಳು. ಗ್ರಾಮೀಣ ಮೀಸಲಾತಿ ಕೋರುವಿರಾ ಎಂಬಲ್ಲಿಗೆ ಬಂದು ಮೌಸನ್ನು ನನ್ನತ್ತ ತಳ್ಳಿದಳು.

“ನೀನ ಒತ್ತು.”

‘ಇಲ್ಲ’ ಎಂಬಲ್ಲಿ ಒತ್ತಿದೆ. ಕನ್ನಡ ಮಾಧ್ಯಮಕ್ಕೂ ‘ಇಲ್ಲ’. ಅಂಗಡಿಯವರು, “ಹಳ್ಳಿ ಹುಡುಗಿ ಇದ್ದಂಗ ಕಾಣ್ತಾಳಲ್ರಿ, ಹೌದು ಅಂತ ಹಾಕಬೇಕಿತ್ತು,” ಎಂದರು. ಅವಳು ಮೌಸನ್ನು ವಾಪಸು ಎಳೆದುಕೊಂಡು ಮುಂದಿನ ಪುಟ ತೆರೆದಳು.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಜಾಗ ಖಾಲಿಯಿತ್ತು. ಅವಳು ಕಂಬಿ ಹಿಡಿದು ನಿಂತೇ ಬಂದಳು.

ಸಂಜೆ ಆರೂವರೆಗೆ ಅವಳ ಫೈಲು ತೆಗೆದೆ. ಜನನ ಪ್ರಮಾಣಪತ್ರದಿಂದ ಹತ್ತನೇ ತರಗತಿಯ ಅಂಕಪಟ್ಟಿಯವರೆಗೆ ಹದಿಮೂರು ಕಾಗದ, ಎಲ್ಲಕ್ಕೂ ನಾನೇ ನಂಬರು ಹಾಕಿದ್ದು. ಒಂಬತ್ತು ವರ್ಷದ ಸರ್ಟಿಫಿಕೇಟಿಗೆ ರಂಧ್ರ ಹೊಡೆದು ಕೊನೆಗೆ ಸೇರಿಸಿದೆ. ಮೊಮ್ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ನಿನ್ನ ಫೈಲು ಪೂರಾ ಆತು ನೋಡಜ್ಜಿ.”

“ಆತು,” ಎಂದೆ.

ಮೇಲ್ಗಡೆ ಹದಿನಾಲ್ಕು ಎಂದು ಬರೆದು, ದಾರ ಕಟ್ಟಿ, ಫೈಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.